ಮೇಜಿನ ಕೆಳಗಿನ ಹೆಸರು

"ಹಿಂದಕ್ಕೆ ಸರಿಯೋ ಮಾರಾಯ, ಹಿಂದಕ್ಕೆ!" ಎಂದು ಶವ ಮಲಗಿಸಿದ ಜನಾಜಾದ ಮುಂದಿನ ತುದಿ ಹೊತ್ತಿದ್ದವರು ಗದರಿದರು.

ಬ್ರೆಡ್ ಭಟ್ಟಿಯ ಹಸ್ಸೂನಾ ಹಿಂದಕ್ಕೆ ಸರಿಯುವುದಾದರೂ ಎಲ್ಲಿಗೆ? ಕಡಲ ದಂಡೆಯ ಮಹದಿಯಾ ಊರಿನ ಹಳೆಯ ಓಣಿ ಅದು. ಎದುರಿಗೊಬ್ಬರು ಬಂದರೆ ಇನ್ನೊಬ್ಬರು ಗೋಡೆಗೆ ಒರಗಲೇಬೇಕು. ಅವನ ತಲೆಯ ಮೇಲೆ ದೊಡ್ಡ ತಗಡಿನ ತಟ್ಟೆ, ತಟ್ಟೆಗೆ ಹೊದಿಸಿದ ಬಿಳಿ ಬಟ್ಟೆ, ಬಟ್ಟೆಯಡಿಯಿಂದ ಬೆಣ್ಣೆ ಬಾದಾಮಿಯ ಘಮ. ಬೆನ್ನ ಹಿಂದೆ ಶುಕ್ರವಾರದ ನಮಾಜಿಗೆ ಹೊರಟ ಜನ, ಎದುರಿಗೆ ನೀಲಿ ಬಾಗಿಲಿನಿಂದ ಹೊರಬೀಳುತ್ತಿರುವ ಜನಾಜಾ. ಬೇರೆ ದಾರಿ ಕಾಣದೆ ಅವನು ಗೋಡೆಗೆ ಬೆನ್ನು ಹಚ್ಚಿ, ಹೊಟ್ಟೆ ಒಳಗೆಳೆದುಕೊಂಡು, ತಟ್ಟೆಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ನಿಂತ. ಜನಾಜಾದಲ್ಲಿ ಮಲಗಿದ್ದ ಮದಾಮ್ ನಜೀಹಾ ತಾವೇ ನಿನ್ನೆ ನಾದಿದ ಹಿಟ್ಟಿನ ಕೆಳಗಿಂದ ಹಾದು ಮಸೀದಿಯ ಕಡೆಗೆ ಹೋದರು.

ಬಾಗಿಲಲ್ಲಿ ಹೆಂಗಸರ ನಡುವೆ ನಿಂತು ಅಳುತ್ತಿದ್ದ ಹಳೆಯ ಶಿಷ್ಯೆ ಜಲೀಲಾಳ ಮೂಗಿಗೆ ಆ ಘಮ ಬಡಿದದ್ದೇ ತಡ, ಅಳು ನಿಂತಿತು. ಬಾದಾಮಿಗೆ ಕಿತ್ತಳೆ ಹೂವಿನ ನೀರು ಬೆರೆತ ಈ ವಾಸನೆ ಜನವರಿಯಲ್ಲಿ ಬಂದರೆ ಅದು ಏನೆಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ.

"ನಿನಗೆ ಬುದ್ಧಿ ಇದೆಯೇನೋ ಹಸ್ಸೂನಾ?" ಪಕ್ಕದ ಮನೆಯ ಲೆಲ್ಲಾ ದಲಂದಾ ಕಣ್ಣೊರೆಸಿಕೊಳ್ಳುತ್ತಲೇ ಜಗಳಕ್ಕೆ ನಿಂತಳು. ಬೆಳಗಿನಿಂದ ಸಾವಿನ ಮನೆಯ ಯಜಮಾನಿಕೆ ಅವಳದೇ. "ಜನಾಜಾ ಹೊರಡೋ ಹೊತ್ತಿಗೆ ತಿಂಡಿ ಹೊತ್ಕೊಂಡು ಬರೋದಾ? ಮದುವೆ ಮನೆ ಅಂದ್ಕೊಂಡ್ಯಾ?"

"ನಾನೇನು ಮಾಡ್ಲಿ ಲೆಲ್ಲಾ? ನಿನ್ನೆ ಸಂಜೆ ಅವರೇ ತಟ್ಟೆ ತಂದುಕೊಟ್ರು. ಬೆಳಗಿನ ಬ್ರೆಡ್ ತೆಗೆದಮೇಲೆ ಆರೋ ಭಟ್ಟೀಲಿ ಇಡು, ಮಧ್ಯಾಹ್ನ ಮನೆಗೆ ತಲುಪಿಸು ಅಂದ್ರು. ಸುದ್ದಿ ಬಂದಾಗ ಇದು ಒಳಗೆ ಬೇಯ್ತಿತ್ತು. ಸತ್ತವರು ನಂಬಿ ಕೊಟ್ಟ ವಸ್ತು. ಅವರು ಮಣ್ಣು ಸೇರೋ ಮೊದ್ಲು ಇದು ಅವರ ಮನೆ ಸೇರ್ಬೇಕು. ಅಂಗಡೀಲಿ ಇಟ್ಕೊಂಡು ನಾಳೆ ದೇವರಿಗೆ ಏನಂತ ಉತ್ತರ ಹೇಳ್ಲಿ?"

ಅವನು ತಟ್ಟೆಯನ್ನು ಅಂಗಳದ ಮೇಜಿನ ಮೇಲಿಟ್ಟು, "ಬರಕತ್ ನಿಮ್ಮಲ್ಲಿ ಉಳೀಲಿ" ಎಂದು ಎಲ್ಲರಿಗೂ ಒಟ್ಟಿಗೇ ಸಂತಾಪ ಹೇಳಿ, ಜನಾಜಾದ ಹಿಂದೆ ಓಡಿದ. ಜಲೀಲಾ ಮೆಲ್ಲನೆ ಬಟ್ಟೆ ಸರಿಸಿದಳು. ದುಂಡನೆಯ, ಕೆಂಪಗೆ ಬೆಂದ, ಬಾದಾಮಿ ಹೂರಣದ ಗಾಲೆತ್. ಮೇಲೆ ಚಾಕುವಿನಿಂದ ನಡುವಿನಿಂದ ಅಂಚಿನವರೆಗೆ ಬಾಗಿಸಿ ಎಳೆದ ಗೆರೆಗಳು. ಎಲ್ಲ ಗೆರೆಗಳೂ ಅಂಚು ಮುಟ್ಟಿದ್ದವು, ಒಂದನ್ನು ಬಿಟ್ಟು. ಆ ಒಂದು ಗೆರೆ ಬೆರಳಗಲ ಮೊದಲೇ ನಿಂತುಬಿಟ್ಟಿತ್ತು. ಅವಳು ಮತ್ತೆ ಬಟ್ಟೆ ಮುಚ್ಚಿದಳು.

ಅಷ್ಟರಲ್ಲಿ ಲೆಲ್ಲಾ ದಲಂದಾಳ ಮುಖದ ಬಣ್ಣವೇ ಬದಲಾಗಿತ್ತು.

"ಯಾ ರಬ್ಬೀ!" ಎಂದು ಅವಳು ಎದೆಗೆ ಕೈ ಇಟ್ಟುಕೊಂಡಳು. "ಅವಳಿಗೆ ಗೊತ್ತಿತ್ತು! ಒಬ್ಬಂಟಿ ಹೆಂಗಸು ಇಷ್ಟು ದೊಡ್ಡ ತಟ್ಟೆ ತುಂಬ ಯಾರಿಗಂತ ಮಾಡಿದ್ಳು ಹೇಳಿ? ಗುರುವಾರ ಹಿಟ್ಟು ನಾದಿ, ಶುಕ್ರವಾರ ಬೆಳಗ್ಗೆ ಉಸಿರು ಬಿಟ್ಳು. ಸಾವಿನ ಮನೇಲಿ ಒಲೆ ಹಚ್ಚಬಾರ್ದು ಅಂತ ಭಟ್ಟಿಗೆ ಕಳಿಸಿದ್ಳು. ತನ್ನ ಹೆಸರಲ್ಲಿ ಹಂಚೋದನ್ನ ತಾನೇ ಮಾಡಿಟ್ಟು ಹೋದ್ಳು!"

"ಲೆಲ್ಲಾ, ಇದು ಶಾಲೆ ಮಕ್ಕಳಿಗೆ," ಎಂದಳು ಜಲೀಲಾ. "ಪ್ರತಿ ಜನವರಿಯಲ್ಲೂ ಫ್ರೆಂಚ್ ಕ್ಲಬ್ಬಿಗೆ ಮಾಡ್ತಾರೆ. ಈವತ್ತು ಮಧ್ಯಾಹ್ನ..."

"ನಿನಗೆ ಹಾಗೆ ಹೇಳಿರ್ತಾಳೆ ಕಣೇ. ಇಂಥದ್ದನ್ನೆಲ್ಲ ಯಾರಾದ್ರೂ ಊರಿಗೆಲ್ಲ ಸಾರ್ತಾರಾ?"

ಹೆಂಗಸರ ನಡುವೆ ಗುಸುಗುಸು ಹಬ್ಬಿತು. ಹೌದಲ್ಲ, ಶುಕ್ರವಾರ ಸಾಯುವ ಭಾಗ್ಯ ಸುಮ್ಮನೆ ಬರುತ್ತದೆಯೇ? ಒಬ್ಬಳಿಗೆ ಮದಾಮ್ ಕಳೆದ ವಾರ ತಲೆ ಸವರಿದ್ದು ನೆನಪಾಯಿತು. ಇನ್ನೊಬ್ಬಳು, ಮೊನ್ನೆ ಮಾರುಕಟ್ಟೆಯಲ್ಲಿ ಅವರ ಮುಖದಲ್ಲಿ ಬೆಳಕು ಕಂಡೆ ಎಂದಳು. ಮನೆಗೊಂದು ಚೂರಾದರೂ ಸಿಗಬೇಕು, ಕಾಯಿಲೆ ಬಿದ್ದ ಅತ್ತೆಗೆ ತಿನ್ನಿಸಬೇಕು ಎಂದು ಮತ್ತೊಬ್ಬಳು ಕರವಸ್ತ್ರ ಬಿಚ್ಚಿಯೇಬಿಟ್ಟಳು.

ಜೀವನವಿಡೀ ಮಕ್ಕಳಿಗೆ ಫ್ರೆಂಚ್ ಕಲಿಸಿದ ಹೆಂಗಸು ನೋಡನೋಡುತ್ತಿದ್ದಂತೆ ಸಂತಳಾಗುತ್ತಿದ್ದಳು. ಜಲೀಲಾಳಿಗೆ ನಗುವೂ ಬಂತು, ಹೆದರಿಕೆಯೂ ಆಯಿತು. ಆ ಗಾಲೆತ್ತಿನೊಳಗೆ ಒಂದು ಕಾಳಿದೆ. ಅದನ್ನು ಮದಾಮ್ ಯಾರೋ ಒಬ್ಬ ಮಗುವಿಗೆಂದು ಹುದುಗಿಸಿಟ್ಟಿದ್ದಾರೆ. ಆ ಮಗುವಿಗೆ ಅದು ಸೇರದೆ ಯಾರದೋ ಕರವಸ್ತ್ರದಲ್ಲಿ ಪುಡಿಯಾಗಿ ಹೋದರೆ, ಮದಾಮ್ ಕೊನೆಯದಾಗಿ ಮಾಡಿದ ಕೆಲಸವೇ ಹಾಳಾದಂತೆ.

"ಗಂಡಸರು ಬರೋವರೆಗೂ ಯಾರೂ ಮುಟ್ಟಬೇಡಿ," ಎಂದು ಅವಳು ತಟ್ಟೆಯ ಮುಂದೆ ಕುರ್ಚಿ ಎಳೆದುಕೊಂಡು ಕೂತಳು. "ಸೀ ಸಾದೊಕ್ ಮನೆಗೆ ಹಿರಿಯರು. ಅವರು ಹೇಳ್ಲಿ."

* * *

ಮದಾಮರ ಫ್ರೆಂಚ್ ಕ್ಲಬ್ ಎಂದರೆ ಶಾಲೆಯ ಹಿಂಬದಿಯ ಒಂದು ಕೋಣೆ. ಗೋಡೆ ತುಂಬ ಮಕ್ಕಳೇ ಬರೆದ ಚಿತ್ರಗಳು: ಸೇತುವೆ, ಗೋಪುರ, ಮಳೆಯಲ್ಲಿ ಕೊಡೆ ಹಿಡಿದ ಹೆಂಗಸರು. ಶುಕ್ರವಾರ ಮಧ್ಯಾಹ್ನ ಊರಿನ ಹುಡುಗರೆಲ್ಲ ಸಮುದ್ರದ ದಂಡೆಯಲ್ಲಿ ಚೆಂಡಿನ ಹಿಂದೆ ಓಡುವಾಗ ಒಂದಷ್ಟು ಮಕ್ಕಳು ಅಲ್ಲಿ ಸೇರುತ್ತಿದ್ದರು. ಮಾರ್ಚಿನಲ್ಲಿ ಹಾಡು, ನಾಟಕ. ಫೆಬ್ರವರಿಯಲ್ಲಿ ಬಾಣಲೆಯಿಂದ ತೆಳುದೋಸೆ ಗಾಳಿಗೆ ಹಾರಿಸಿ ಹಿಡಿಯುವುದು. ಅರ್ಧಕ್ಕರ್ಧ ನೆಲದ ಪಾಲಾಗುತ್ತಿತ್ತು. ಒಮ್ಮೆ ಫ್ರಾನ್ಸಿನಿಂದ ಯಾರದೋ ಸೂಟ್‌ಕೇಸಿನಲ್ಲಿ ಒಂದು ನಾರುವ ಚೀಸ್ ಬಂದಿತ್ತು. ಮಕ್ಕಳು ಮುಖ ಕಿವುಚಿದಾಗ ಮದಾಮ್, "ಇದೂ ಸಂಸ್ಕೃತಿಯೇ ಮಕ್ಕಳೇ. ಮೂಗು ಮುಚ್ಚಿ, ಬಾಯಿ ತೆರೀರಿ" ಎಂದು ಮೊದಲ ತುಂಡನ್ನು ತಾವೇ ಬಾಯಿಗೆ ಹಾಕಿಕೊಂಡು, ಕಣ್ಣಲ್ಲಿ ನೀರು ತುಂಬಿಕೊಂಡು, ಆದರೂ ನುಂಗಿದ್ದರು.

ಜನವರಿ ಬಂದರೆ ಗಾಲೆತ್. ಒಳಗೆ ಒಂದೇ ಒಂದು ಒಣ ಫೂಲ್ ಕಾಳು. ಊರಿನ ಮನೆಮನೆಯಲ್ಲಿ ಬೆಳಗಿನ ತಿಂಡಿಗೆ ಬೇಯುವ ಅದೇ ಕಾಳು. ಯಾರ ಪಾಲಿಗೆ ಅದು ಬರುತ್ತದೋ ಅವರಿಗೆ ಚಿನ್ನದ ಕಾಗದದ ಕಿರೀಟ. ಹಂಚುವಾಗ ಮೋಸ ಆಗಬಾರದೆಂದು ಎಲ್ಲರಿಗಿಂತ ಚಿಕ್ಕವರು ಮೇಜಿನ ಕೆಳಗೆ ಕೂರಬೇಕು. ಮೇಲಿನಿಂದ ಮದಾಮ್ ಒಂದೊಂದು ತುಂಡು ಕೊಯ್ದು, "ಸೆ ಪೂರ್ ಕಿ?" ಎಂದು ಕೇಳುತ್ತಾರೆ. ಇದು ಯಾರಿಗೆ? ಕೆಳಗಿನವರು ಮನಸ್ಸಿಗೆ ಬಂದ ಹೆಸರು ಕೂಗುತ್ತಾರೆ.

ಇಷ್ಟು ಫ್ರಾನ್ಸಿನಲ್ಲಿ ಎಲ್ಲ ಕಡೆಯೂ ಇದ್ದದ್ದೇ. ಮದಾಮ್ ತಮ್ಮದೊಂದು ಕಾನೂನು ಸೇರಿಸಿದ್ದರು. ಕಾಳು ಸಿಕ್ಕವರು ತಿಂಗಳಿಡೀ ರಾಜರು. ಪ್ರತಿ ಶುಕ್ರವಾರ ಅವರೇ ಎದ್ದು ನಿಂತು ಮೊದಲು ಮಾತಾಡಬೇಕು, ಎಲ್ಲರೂ ಅವರಿಗೆ ಉತ್ತರ ಕೊಡಬೇಕು. ಮತ್ತು ರಾಜರ ತಪ್ಪಿಗೆ ಯಾರೂ ನಗುವಂತಿಲ್ಲ.

ಜಲೀಲಾಳಿಗೆ ಹನ್ನೆರಡು ವರ್ಷವಾಗಿದ್ದ ಆ ಜನವರಿಯಲ್ಲಿ, ಗಾಲೆತ್ತಿನ ಹಿಂದಿನ ದಿನ ಮದಾಮ್ ಅವಳನ್ನು ಪಕ್ಕಕ್ಕೆ ಕರೆದರು.

"ನಿನಗೆ ಗುಟ್ಟು ಇಟ್ಕೊಳ್ಳೋಕೆ ಬರುತ್ತಾ?"

"ಬರುತ್ತೆ ಮದಾಮ್."

"ಅಮ್ಮನಿಗೂ ಹೇಳ್ಬಾರ್ದು."

"ಹೇಳಲ್ಲ."

"ನಾಳೆ ನೀನು ಮೇಜಿನ ಕೆಳಗೆ. ಯಾವ ತುಂಡಿಗೆ ಬೇಕಾದ್ರೂ ಯಾರ ಹೆಸರು ಬೇಕಾದ್ರೂ ಕೂಗು. ಆದ್ರೆ ನನ್ನ ಶೂ ನಿನ್ನ ಮಂಡಿ ಮುಟ್ಟಿದಾಗ ಮಾತ್ರ ಫತ್ಹಿ ಅನ್ನು. ತಿಳೀತಾ?" ಆಮೇಲೆ ಅವರು ಗೆರೆಯ ಗುಟ್ಟನ್ನೂ ಹೇಳಿದರು. ಅಂಚು ಮುಟ್ಟದ ಗೆರೆಯ ಕೆಳಗೆ ಕಾಳು.

ಫತ್ಹಿ ಮೀನುಗಾರರ ಮಗ. ತೊದಲುತ್ತಿದ್ದ. ತರಗತಿಯಲ್ಲಿ ಅವನು ಎದ್ದು ನಿಂತರೆ ಸಾಕು, ಹಿಂದಿನ ಬೆಂಚಿನವರು ಕಿಸಕ್ಕೆಂದು ನಗುತ್ತಿದ್ದರು. ಮಾರನೆಯ ದಿನ ಜಲೀಲಾ ಮೇಜಿನಡಿಯ ಕತ್ತಲಲ್ಲಿ ಮಂಡಿಯೂರಿ ಕೂತಳು. ಸುತ್ತ ಮಕ್ಕಳ ಧೂಳು ಕಾಲು, ಎದುರಿಗೆ ಮದಾಮರ ಕಂದು ಶೂ. ಅದು ಮುಂದೆ ಬಂದು ಅವಳ ಮಂಡಿಯನ್ನು ಮುಟ್ಟಿತು. "ಫತ್ಹಿಗೆ!" ಎಂದು ಅವಳು ಕೂಗಿದಳು. ಆ ತಿಂಗಳು ಫತ್ಹಿ ಕಿರೀಟ ಇಟ್ಟುಕೊಂಡು ತೊದಲಿದ, ಬೆವರಿದ, ಆದರೆ ವಾಕ್ಯ ಮುಗಿಸಿದ. ಯಾರೂ ನಗಲಿಲ್ಲ.

ಮೂರು ವರ್ಷ ಕ್ಲಬ್ಬಿನಲ್ಲಿ ಜಲೀಲಾಳಿಗಿಂತ ಚಿಕ್ಕವರು ಬರಲೇ ಇಲ್ಲ. ಮೂರು ವರ್ಷವೂ ಅವಳು ಮೇಜಿನ ಕೆಳಗೇ ಕೂತು ಬೇರೆಯವರನ್ನು ರಾಜರನ್ನಾಗಿ ಮಾಡಿದಳು. ಕೊನೆಯ ವರ್ಷ ತಡೆಯಲಾರದೆ ಕೇಳಿಯೇಬಿಟ್ಟಳು: "ಮದಾಮ್, ಒಂದು ಸಲ ನನಗೆ?"

ಮದಾಮ್ ನಕ್ಕು ಅವಳ ಕೆನ್ನೆ ಹಿಂಡಿದರು. "ನಿನಗ್ಯಾಕೆ ಕಿರೀಟ? ನೀನು ಬಾಯಿ ತೆರೆದ್ರೆ ಯಾರಿಗೆ ನಗೋಕೆ ಧೈರ್ಯ ಇದೆ?"

ಅದು ಹೊಗಳಿಕೆ ಎಂದು ಅವಳಿಗೆ ಗೊತ್ತಿತ್ತು. ಆದರೂ ಮನೆಗೆ ಹೋಗಿ ದಿಂಬಿಗೆ ಮುಖ ಒತ್ತಿ ಅತ್ತಿದ್ದಳು. ನಲವತ್ತು ದಾಟಿದ ಮೇಲೂ ಅವಳು ಅದನ್ನು ಮರೆತಿರಲಿಲ್ಲ.

* * *

ಸಮುದ್ರದ ಪಕ್ಕದ ಗೋರಿಗಳ ನಡುವೆ ಮದಾಮರನ್ನು ಮಣ್ಣು ಮಾಡಿ ಗಂಡಸರು ಹಿಂತಿರುಗಿದಾಗ ಅಂಗಳದ ಹಾಸುಗಲ್ಲು ಮಂಜುಗಡ್ಡೆಯಂತೆ ತಣ್ಣಗಾಗಿತ್ತು. ಜಲೀಲಾ ಬೆಳಗ್ಗೆ ಕಳಚಿಟ್ಟ ಶೂ ಬಾಗಿಲ ಬಳಿಯ ರಾಶಿಯಲ್ಲಿ ಎಲ್ಲೋ ಹೂತುಹೋಗಿತ್ತು.

"ಬರಿಗಾಲಲ್ಲಿ ಕೂತು ನೀನೂ ಕಾಯಿಲೆ ಬೀಳ್ಬೇಡ," ಎಂದು ಲೆಲ್ಲಾ ದಲಂದಾ ಒಳಗಿನಿಂದ ಒಂದು ಜೊತೆ ತಂದು ಅವಳ ಮುಂದೆ ಹಾಕಿದಳು. "ಅವಳದೇ. ಹೇಗೂ ಯಾರಿಗಾದ್ರೂ ಕೊಡೋದೇ. ಹಾಕ್ಕೋ."

ಕಂದು ಶೂ. ಹಳೆಯ ಆ ಜೊತೆಯಲ್ಲ, ಅದೇ ಬಗೆಯದು. ಮದಾಮ್ ಒಂದು ಜೊತೆ ಸವೆದರೆ ಅಂಥದೇ ಇನ್ನೊಂದು ಕೊಳ್ಳುತ್ತಿದ್ದರು. ಜಲೀಲಾ ಕಾಲು ತೂರಿಸಿದಳು. ಒಂದಿಷ್ಟು ದೊಡ್ಡದಾಯಿತು.

ಸೀ ಸಾದೊಕ್ ಒಳಗೆ ಬಂದರು. ಮದಾಮರ ಅಣ್ಣ, ಬಂದರಿನಲ್ಲಿ ದೋಣಿ ನಡೆಸಿ ವಯಸ್ಸಾದವರು, ಗಂಟಲು ದೊಡ್ಡದು. ತಂಗಿಯ ಫ್ರೆಂಚಿನ ಬಗ್ಗೆ ಅವರ ಕುಹಕ ಊರಿಗೆಲ್ಲ ಬಾಯಿಪಾಠ. "ನಮ್ಮನೇಲಿ ಒಬ್ಬಳು ಪ್ಯಾರಿಸಿನವಳಿದ್ದಾಳೆ, ಬಸ್ಸು ತಪ್ಪಿ ಇಲ್ಲಿ ಇಳಿದ್ಬಿಟ್ಳು," ಎನ್ನುತ್ತಿದ್ದರು. ಈಗ ಲೆಲ್ಲಾ ದಲಂದಾ ತಟ್ಟೆಯ ಪವಾಡವನ್ನು ಕಣ್ಣೀರು ಸೇರಿಸಿ ಹೇಳಿದಾಗ ಅವರ ಗಡ್ಡ ಅದುರಿತು.

"ನನ್ನ ತಂಗಿ..." ಎಂದು ಶುರುಮಾಡಿ ತೋಳಿನಿಂದ ಕಣ್ಣೊರೆಸಿಕೊಂಡರು. ಆಮೇಲೆ, "ಚಾಕು ತನ್ನಿ. ಚೂರುಚೂರು ಮಾಡಿ. ಅರ್ಧ ಮಸೀದಿ ಬಾಗಿಲಿಗೆ, ಅರ್ಧ ಓಣಿಗೆ" ಎಂದರು.

ಜಲೀಲಾ ಎದ್ದು ನಿಂತಳು.

"ಸೀ ಸಾದೊಕ್, ನಾನೊಂದು ಮಾತು ಹೇಳ್ಬೇಕು. ಇದು ಪವಾಡ ಅಲ್ಲ. ಮದಾಮ್ ಕ್ಲಬ್ಬಿನ ಮಕ್ಕಳಿಗೆ ಮಾಡಿದ ಗಾಲೆತ್ ಇದು. ಫ್ರಾನ್ಸಿನಲ್ಲಿ ಜನವರಿ ಹಬ್ಬಕ್ಕೆ ಮಾಡ್ತಾರೆ."

"ಯಾರ ಹಬ್ಬ?"

"ಅಲ್ಲಿನೋರದು."

"ಕ್ರೈಸ್ತರ ಹಬ್ಬದ ತಿಂಡಿ!" ಸೀ ಸಾದೊಕ್‌ರ ಮುಖ ಕೆಂಪಾಯಿತು. "ಈಗಷ್ಟೇ ಮಣ್ಣು ಹಾಕಿ ಬಂದೆ. ಕೈ ಇನ್ನೂ ತೊಳೆದಿಲ್ಲ. ಅವಳ ಹೆಸರಲ್ಲಿ ಈ ಅಂಗಳದಲ್ಲಿ ಅದನ್ನ ಹಂಚೋದಾ? ತೆಗೆದು ಕೋಳಿಗೆ ಹಾಕಿ!"

ಕರವಸ್ತ್ರ ಬಿಚ್ಚಿದ್ದವಳು ಮೆಲ್ಲನೆ ಮಡಿಚಿ ಒಳಗಿಟ್ಟುಕೊಂಡಳು. ಮುಖದಲ್ಲಿ ಬೆಳಕು ಕಂಡವಳು ಗೋಡೆ ನೋಡತೊಡಗಿದಳು. ಶಾಲೆಯ ಮುಖ್ಯೋಪಾಧ್ಯಾಯ ಸೀ ಮುಂದಿರ್ ಜಲೀಲಾಳ ಹತ್ತಿರ ಬಂದು, "ಈಗ್ಯಾಕಮ್ಮ ಈ ಮಾತು? ಆ ಕ್ಲಬ್ ಕೋಣೆ ಕತೆಯೂ ಇಷ್ಟೇ. ಯಾರಾದ್ರೂ ವಹಿಸ್ಕೊಂಡ್ರೆ ಸರಿ, ಇಲ್ಲಾಂದ್ರೆ ಮುರಿದ ಬೆಂಚು ತುಂಬೋದೇ" ಎಂದು ಪಿಸುಗುಟ್ಟಿದರು.

* * *

ಎರಡು ವಾರದ ಹಿಂದೆ ಅದೇ ಕೋಣೆಯಲ್ಲಿ ಮದಾಮ್ ಚಹಾ ಕಾಸಿದ್ದರು. ಜಲೀಲಾ ಅದೇ ಶಾಲೆಗೆ ಗಣಿತದ ಶಿಕ್ಷಕಿಯಾಗಿ ಬಂದು ಬಹಳ ವರ್ಷವಾಗಿತ್ತು.

"ಜೂನ್‌ಗೆ ನನ್ನ ನೌಕರಿ ಮುಗೀತು," ಎಂದರು ಮದಾಮ್. "ಈ ಕೋಣೆ ಬೀಗದ ಕೈ ನೀನು ಇಟ್ಕೋ."

"ನಾನಾ? ನಾನು ಗಣಿತದವಳು ಮದಾಮ್. ನನ್ನ ಫ್ರೆಂಚಿಗೆ ತುಕ್ಕು ಹಿಡಿದು ಯಾವ ಕಾಲ ಆಯ್ತು."

"ತುಕ್ಕು ಉಜ್ಜಿದ್ರೆ ಹೋಗುತ್ತೆ."

"ಹೋಗಲ್ಲ." ಜಲೀಲಾ ಲೋಟ ನೋಡುತ್ತ ಹೇಳಿದಳು. "ಟ್ಯೂನಿಸಿನಲ್ಲಿ ಒಂದು ತರಬೇತಿ ಇತ್ತಲ್ಲ, ಅಲ್ಲಿ ಎದ್ದು ನಿಂತು ಮಾತಾಡಿದೆ. ಅರ್ಧಕ್ಕೆ ಪದ ಸಿಗಲಿಲ್ಲ. ಹಿಂದಿನ ಸಾಲಿನ ಹುಡುಗೀರು ನಕ್ರು. ಆವತ್ತಿನಿಂದ ಒಂದು ವಾಕ್ಯ ಆಡಿಲ್ಲ. ಮಕ್ಕಳ ಮುಂದೆ ನನ್ನ ಕೈಲಾಗಲ್ಲ. ನಗ್ತಾರೆ."

ಮದಾಮ್ ಅವಳನ್ನು ಒಂದು ಗಳಿಗೆ ದಿಟ್ಟಿಸಿ ನೋಡಿದರು. ವಾದ ಮಾಡಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಮಾತು ಬೇರೆಡೆಗೆ ಹೊರಳಲಿ ಎಂದು ಜಲೀಲಾ ಕೇಳಿದಳು: "ಈ ವರ್ಷ ಕಾಳು ಯಾರಿಗೆ? ಸಿರೀನ್‌ಗೆ ತಾನೇ?" ಸಿರೀನ್ ಸೆಪ್ಟೆಂಬರಿನಲ್ಲಿ ಒಳನಾಡಿನಿಂದ ಬಂದ ಹುಡುಗಿ. ಕ್ಲಬ್ಬಿಗೆ ತಪ್ಪದೆ ಬರುತ್ತಿದ್ದಳು, ಆದರೆ ಇವತ್ತಿನವರೆಗೆ ಬಾಯಿ ಬಿಟ್ಟಿರಲಿಲ್ಲ.

"ಮೇಜಿನ ಕೆಳಗೆ ಕೂರೋರಿಗೆ ಮಾತ್ರ ಹೇಳ್ತೀನಿ," ಎಂದು ಮದಾಮ್ ಎದ್ದು ಲೋಟ ತೊಳೆದಿಟ್ಟರು. "ಗಾಲೆತ್ ದಿನ ಬಾ. ನೆಪ ಹೇಳ್ಬೇಡ."

* * *

"ಕೋಳಿಗೆ ಬೇಡ," ಎಂದಿತು ಹಿಂದಿನಿಂದ ಒಂದು ದಪ್ಪ ದನಿ.

ಮೀನು ಮಾರುಕಟ್ಟೆಯ ಫತ್ಹಿ. ಈಗ ಅವನ ಹೊಟ್ಟೆ ಅಂಗಿಗೆ ಹಿಡಿಸುತ್ತಿರಲಿಲ್ಲ. ಬೆಳಗಿನಿಂದ ಜನಾಜಾಕ್ಕೆ ಹೆಗಲು ಕೊಟ್ಟವರಲ್ಲಿ ಅವನೇ ಮುಂದು.

"ಸೀ ಸಾದೊಕ್, ನಿಮ್ಮ ಮೇಲೆ ಗೌ... ಗೌರವ ಇದೆ. ನಾನೊಂದು ಕಾಲದಲ್ಲಿ ರಾಜ ಆಗಿದ್ದೆ."

"ಏನಾಗಿದ್ದೆ?"

"ರಾಜ. ಇದೇ ತಿಂಡಿಯೊಳಗಿನ ಕಾಳು ನನಗೆ ಸಿಕ್ಕಿತ್ತು. ನಿಮಗೆ ಗೊತ್ತು ನಾನು ಹೇಗೆ ಮಾತಾಡ್ತಿದ್ದೆ ಅಂತ. ಬಂದರಿನಲ್ಲಿ ನನ್ನ ಅಣಕಿಸೋದ್ರಲ್ಲಿ ನಿಮ್ಮದೂ ಒಂದು ದನಿ ಇತ್ತು."

ಸೀ ಸಾದೊಕ್ ಕೆಮ್ಮಿದರು.

"ಆ ತಿಂಗಳು ನನ್ನ ಮಾತಿಗೆ ಯಾರೂ ನಗ್ಲಿಲ್ಲ. ಹುಟ್ಟಿದಾಗಿನಿಂದ ಅದೇ ಮೊದಲ ಸಲ. ನಾನು ಬಾಯಿ ಬಿಡೋಕೆ ಕಲಿತಿದ್ದೇ ಆವಾಗ. ಫ್ರೆಂಚಲ್ಲಿ ಕಲಿತೆ, ಆಮೇಲೆ ನಮ್ಮ ಭಾಷೇಲೂ ಬಂತು. ಈವತ್ತು ಮಾರುಕಟ್ಟೇಲಿ ನನಗಿಂತ ಜೋರಾಗಿ ಕೂಗೋನು ಯಾರಿದ್ದಾನೆ? ಎಲ್ಲ ಅದೃಷ್ಟ. ಮೇಜಿನ ಕೆಳಗೆ ಯಾರೋ ಪುಟ್ಟ ಹುಡುಗಿ ಇದ್ಳು, ಯಾರಂತ ಈಗ ನೆನಪಿಲ್ಲ. ಅಷ್ಟು ಮಕ್ಕಳಲ್ಲಿ ನನ್ನ ಹೆಸರನ್ನೇ ದೇವರು ಅವಳ ಬಾಯಿಂದ ಹೇಳ್ಸಿದ."

ಜಲೀಲಾ ತಲೆ ತಗ್ಗಿಸಿದಳು. ಹೇಳಿಬಿಡಬೇಕೆನಿಸಿತು. ಆದರೆ ಕೊಟ್ಟ ಮಾತು ಕೊಟ್ಟಂತೆಯೇ ಇರಲಿ ಎಂದು ಸುಮ್ಮನಾದಳು.

"ನಾನೂ ಆಗಿದ್ದೆ," ಎಂದಳು ಬಾಗಿಲ ಹತ್ತಿರ ನಿಂತಿದ್ದ ದಾದಿ ಹೆಂಗಸೊಬ್ಬಳು. "ಅಪ್ಪ ತೀರಿಕೊಂಡ ವರ್ಷ."

"ನಾನೂ," ಎಂದ ಒಬ್ಬ ಗಡ್ಡದ ಬಡಗಿ, ನಾಚಿಕೊಂಡು. "ಕಿರೀಟ ಇನ್ನೂ ಅಮ್ಮನ ಪೆಟ್ಟಿಗೇಲಿದೆ."

ಸೀ ಸಾದೊಕ್ ಒಬ್ಬೊಬ್ಬರ ಮುಖವನ್ನೂ ನೋಡಿದರು. "ಏನಿದು? ನನ್ನ ತಂಗಿ ಶಾಲೆ ನಡೆಸ್ತಿದ್ಳೋ, ಅರಮನೆ ನಡೆಸ್ತಿದ್ಳೋ?" ಎಂದು ಗೊಣಗಿದರು. ಯಾರೋ ಅಳುತ್ತಲೇ ನಕ್ಕರು. ಅವರು ಮೇಜಿನ ಮುಂದಿನ ಕುರ್ಚಿಯಲ್ಲಿ ಕುಸಿದು ಕೂತರು. ಬಟ್ಟೆಯ ಅಂಚನ್ನು ಎತ್ತಿ ನೋಡಿ, "ನನಗೊಂದು ದಿನ ಕರೀಲಿಲ್ಲ ನೋಡು," ಎಂದರು. "ಕರೆದಿದ್ರೂ ನಾನು ಹೋಗ್ತಿರ್ಲಿಲ್ಲ. ಅದು ಅವಳಿಗೂ ಗೊತ್ತಿತ್ತು."

ಮಕ್ಕಳು ಬಂದದ್ದು ಆಗಲೇ. ಶುಕ್ರವಾರದ ಕ್ಲಬ್ಬಿನ ಹೊತ್ತು. ಬೀಗ ಹಾಕಿದ ಕೋಣೆಯ ಮುಂದೆ ನಿಂತು, ಏನು ಮಾಡಬೇಕೆಂದು ತೋಚದೆ, ಇಲ್ಲಿಗೇ ನಡೆದು ಬಂದಿದ್ದರು. ಮುಂದಿದ್ದ ಹುಡುಗನ ಕೈಯಲ್ಲಿ ಚಿನ್ನದ ಕಾಗದದ ಕಿರೀಟ. ಇಷ್ಟು ಜನರನ್ನು ನೋಡಿ ಅವನು ಅದನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡ.

"ಇಲ್ಲಿ ಕೊಡು," ಎಂದು ಸೀ ಸಾದೊಕ್ ಕೈ ಚಾಚಿದರು. ಅದನ್ನು ತಿರುಗಿಸಿ ನೋಡಿ ತಮ್ಮ ತೊಡೆಯ ಮೇಲಿಟ್ಟುಕೊಂಡರು. "ಸಾವಿನ ಮನೇಲಿ ಕಿರೀಟ ಬೇಡ. ಇದು ನನ್ನ ಹತ್ರ ಇರ್ಲಿ. ಆದ್ರೆ ತಿಂಡಿ..." ಅವರು ಜಲೀಲಾಳ ಕಡೆ ತಿರುಗಿದರು. "ಅವಳು ಹೇಗೆ ಹಂಚ್ತಿದ್ಳೋ ಹಾಗೇ ಹಂಚು. ಮೇಜಿನ ಕೆಳಗೆ ಕೂರಿಸ್ತೀಯೋ, ಮೇಲೆ ಕೂರಿಸ್ತೀಯೋ, ನಿನಗೆ ಗೊತ್ತು. ಅಂಗಳದಲ್ಲಿರೋರಿಗೆಲ್ಲ ಒಂದೊಂದು ತುಂಡು ಬರ್ಲಿ."

ಮಕ್ಕಳಲ್ಲಿ ಎಲ್ಲರಿಗಿಂತ ಚಿಕ್ಕವಳು ಮೈಸಾ, ಎರಡು ಜಡೆಯವಳು. ಕಣ್ಣು ಊದಿಕೊಂಡಿದ್ದವು. ಜಲೀಲಾ ಅವಳನ್ನು ಗೋಡೆಯ ಬದಿಗೆ ಕರೆದು ಬಗ್ಗಿ ಕೇಳಿದಳು: "ಮದಾಮ್ ನಿನಗೊಂದು ಹೆಸರು ಹೇಳಿದ್ದಾರೆ, ಅಲ್ವಾ?"

ಮೈಸಾ ತುಟಿ ಬಿಗಿದುಕೊಂಡಳು.

"ನನಗೆ ಹೇಳ್ಬೇಡ. ಮಾತು ಕೊಟ್ಟಿದ್ದೀಯ."

"ಅಮ್ಮನಿಗೂ ಹೇಳಿಲ್ಲ," ಎಂದಳು ಮೈಸಾ. ಮತ್ತೆ ಅನುಮಾನದಿಂದ, "ನಿಮಗೆ ಹೇಗೆ ಗೊತ್ತು?"

"ನಾನೂ ಅಲ್ಲಿ ಕೂತಿದ್ದೆ, ನಿನ್ನಷ್ಟಿದ್ದಾಗ. ಶೂ ಮುಟ್ಟಿದಾಗ ಹೇಳು. ಅಷ್ಟೇ."

ಮಗುವಿನ ಕಣ್ಣು ಅರಳಿತು. ಅವಳು ಇನ್ನೊಂದು ಮಾತಾಡದೆ ಮೇಜಿನ ಕೆಳಗೆ ನುಸುಳಿದಳು. ಮೇಜಿನ ಬಟ್ಟೆ ಅವಳ ಹಿಂದೆ ಇಳಿಬಿತ್ತು. ಒಳಗಿನಿಂದ ಒಮ್ಮೆಲೇ ಉಸಿರೆಳೆದುಕೊಂಡ ಸದ್ದು ಕೇಳಿತು. ಕಂದು ಶೂ ಅವಳ ಕಣ್ಣಿಗೆ ಬಿದ್ದಿತ್ತು.

ಜಲೀಲಾ ಚಾಕು ಹಿಡಿದಳು. ಈಗ ಫ್ರೆಂಚಿನಲ್ಲೇ ಕೇಳಬೇಕು; ಹಾಗೇ ಇತ್ತು ಪದ್ಧತಿ. ಮೂರು ಪುಟ್ಟ ಮಾತು, ಹಾಲು ಕುಡಿಯುವ ಮಕ್ಕಳೂ ಹೇಳಿಬಿಡುವಂಥವು. ಮುಖ್ಯೋಪಾಧ್ಯಾಯರು ನೋಡುತ್ತಿದ್ದರು, ಮಕ್ಕಳು ನೋಡುತ್ತಿದ್ದರು. ಮೊದಲ ತುಂಡನ್ನು ಕೊಯ್ದು ಎತ್ತಿದಳು.

"ಸೆ ಪೂರ್ ಕಿ?" ದನಿ ಒಡೆದು ಹೋಯಿತು.

"ಸೀ ಸಾದೊಕ್‌ಗೆ," ಎಂದಿತು ಕೆಳಗಿನ ದನಿ.

ಸೀ ಸಾದೊಕ್ ಬೆಚ್ಚಿಬಿದ್ದು ಎರಡೂ ಕೈಯಲ್ಲಿ ತೆಗೆದುಕೊಂಡರು. ಎರಡನೆಯ ಸಲ ಕೇಳುವಾಗ ದನಿ ಅಷ್ಟು ಒಡೆಯಲಿಲ್ಲ. ಫತ್ಹಿಗೆ ಒಂದು. ಕಿರೀಟ ತಂದ ಹುಡುಗನಿಗೆ ಒಂದು. ಲೆಲ್ಲಾ ದಲಂದಾಗೆ ಒಂದು. ಅವಳು ಬಿಸ್ಮಿಲ್ಲಾ ಎಂದು ಕಣ್ಣಿಗೊತ್ತಿಕೊಂಡೇ ಬಾಯಿಗಿಟ್ಟಳು. ಪವಾಡವನ್ನು ಅವಳು ಪೂರ್ತಿ ಕೈಬಿಟ್ಟಿರಲಿಲ್ಲ.

"ಸೆ ಪೂರ್ ಕಿ?"

"ಸಿರೀನ್‌ಗೆ!"

ಜಲೀಲಾಳ ಕೈ ನಿಂತುಹೋಯಿತು. ಅವಳು ಕಾಲು ಚಾಚಿರಲಿಲ್ಲ. ಇದು ಕಾಳಿನ ತುಂಡಲ್ಲ. ಗಾಬರಿಯಲ್ಲಿ ಮಗು ತಪ್ಪಿ ಹೇಳಿಬಿಟ್ಟಿತೇ? ಸಿರೀನ್ ಆಗಲೇ ಮುಂದೆ ಬಂದು ಕೈಯೊಡ್ಡಿದ್ದಳು. ಕೊಡದೆ ದಾರಿಯಿರಲಿಲ್ಲ. ಅವಳು ತಿಂದಳು, ಗಲ್ಲದ ಪುಡಿ ಒರೆಸಿಕೊಂಡಳು, ಏನೂ ಸಿಗದೆ ಗುಂಪಿಗೆ ಮರಳಿದಳು. ಇಷ್ಟು ಹೊತ್ತು ಕಾವಲು ಕೂತದ್ದು ನೀರುಪಾಲಾಯಿತಲ್ಲ ಎಂದು ಜಲೀಲಾಳಿಗೆ ಅಳು ಬಂತು.

ಅಂಚು ಮುಟ್ಟದ ಗೆರೆ ಈಗ ಚಾಕುವಿನ ಮುಂದೆಯೇ ಇತ್ತು. ಅವಳು ಅದರ ಎರಡೂ ಬದಿ ಕೊಯ್ದಳು. ತುಂಡನ್ನು ಎತ್ತಿದಳು. ಇನ್ನು ಯಾರ ಹೆಸರು ಉಳಿದಿರಬಹುದು? ಕಾಲನ್ನು ಮೆಲ್ಲನೆ ಮುಂದೆ ಚಾಚಿ, ದೊಡ್ಡದಾದ ಆ ಶೂವಿನ ತುದಿಯಿಂದ ಕತ್ತಲಲ್ಲಿ ಪುಟ್ಟ ಮಂಡಿಯೊಂದನ್ನು ಹುಡುಕಿ ಮುಟ್ಟಿದಳು.

"ಸೆ ಪೂರ್ ಕಿ?"

ಕೆಳಗಿನಿಂದ ಒಂದು ಬಿಕ್ಕು. ಆಮೇಲೆ ಅಂಗಳಕ್ಕೆಲ್ಲ ಕೇಳುವ ಹಾಗೆ ದನಿ ಬಂತು.

"ಮದಾಮ್ ಜಲೀಲಾಗೆ."

ಯಾರೂ ನಗಲಿಲ್ಲ. ಸೀ ಸಾದೊಕ್‌ರ ತೊಡೆಯ ಮೇಲೆ ಚಿನ್ನದ ಕಾಗದ ಸರಬರ ಸದ್ದು ಮಾಡಿತು. ಜಲೀಲಾ ಕೈಯಲ್ಲಿದ್ದ ತುಂಡನ್ನು ತಿರುಗಿಸಿ ನೋಡಿದಳು. ಬಾಗಿದ ಗೆರೆಯ ಕೆಳಗೆ, ಕೊಯ್ದ ಬದಿಯ ಬಾದಾಮಿಯೊಳಗಿಂದ ಒಂದು ಫೂಲ್ ಕಾಳಿನ ಕಪ್ಪು ಬೆನ್ನು ಇಣುಕುತ್ತಿತ್ತು. ಅವಳು ಕಾಲನ್ನು ಹಿಂದಕ್ಕೆಳೆದುಕೊಳ್ಳಲು ನೋಡಿದಳು, ಆಗಲಿಲ್ಲ. ಮೇಜಿನ ಕೆಳಗೆ ಒಂದು ಪುಟ್ಟ ಕೈ ಆ ಕಂದು ಶೂವಿನ ತುದಿಯನ್ನು ಗಟ್ಟಿಯಾಗಿ ಹಿಡಿದುಕೊಂಡಿತ್ತು.